ಸವೆದ ರಿಮ್ಮನ್ನು ‘ಗುಡ್ ಕಂಡೀಶನ್’ ಅಂತ ಕಳಿಸಿದ್ದೀರಿ, ವಾಪಸ್ ತಗೊಳ್ಳಿ

ಗೆ,
ಗ್ರಾಹಕ ದೂರು ಅಧಿಕಾರಿಗಳು

ವಿಷಯ: ಸೆಕೆಂಡ್ ಹ್ಯಾಂಡ್ ಸೈಕಲ್ ವೀಲ್ ವಾಪಸ್ ಪಡೆದು ಹಣ ಹಿಂದಿರುಗಿಸುವ ಬಗ್ಗೆ

ನಮಸ್ಕಾರ.

ಮಗಳ ಸೈಕಲ್ಲಿಗೆ ಅಂತ ನಿಮ್ಮ ಆಪ್‌ನಲ್ಲಿ ಒಂದು ಜೊತೆ ಹಳೇ ವೀಲ್ ತರಿಸಿದ್ದೆ. 700ಸಿ ಅಳತೆಯ ಅಲಾಯ್ ರಿಮ್, ಬ್ರೇಕ್ ಶೂ ನೇರ ರಿಮ್ಮಿಗೇ ಹಿಡಿಯುವಂಥದ್ದು. ‘ಚೆಕ್ ಮಾಡಿದ್ದು, ಗುಡ್ ಕಂಡೀಶನ್’ ಅಂತ ನೀವೇ ಬರೆದಿದ್ದಿರಿ. ಬಂದಿರೋದು ಆಯಸ್ಸು ಮುಗಿದ ರಿಮ್. ಫೋನ್ ಮಾಡಿದರೆ ನಿಮ್ಮವರು, ‘ವೀಲ್ ಔಟ್ ಇಲ್ಲ, ಬಿರುಕಿಲ್ಲ, ಹಳೇ ಮಾಲು ಅಂದ್ಮೇಲೆ ಸ್ವಲ್ಪ ಸವೆದಿರುತ್ತೆ, ರಿಟರ್ನ್ ಇಲ್ಲ’ ಅಂದರು.

ಔಟ್ ಇಲ್ಲ, ಅಂದರೆ ತಿರುಗುವಾಗ ಅತ್ತಿತ್ತ ವಾಲಲ್ಲ, ಒಪ್ಪುತ್ತೇನೆ. ಕಡ್ಡಿ ಸರಿಯಾಗಿ ಬಿಗಿ ಮಾಡಿದರೆ ಎಷ್ಟೋ ಸವೆದ ರಿಮ್ ಕೂಡ ನೇರವಾಗಿ ತಿರುಗುತ್ತೆ. ಸುಮ್ನೆ ತಿರುಗಿಸಿ ನೋಡಿದರೆ ಸವೆತ ಗೊತ್ತಾಗಲ್ಲ. ಸವೆಯೋದು ಬ್ರೇಕ್ ಶೂ ಉಜ್ಜುವ ಪಕ್ಕದ ಗೋಡೆ. ಅಲ್ಲಿ ಸ್ಟೀಲ್ ಸ್ಕೇಲ್ ನಿಲ್ಲಿಸಿ ಬೆಳಕಿಗೆ ಹಿಡಿದರೆ ಎರಡು ಅಂಚು ಮಾತ್ರ ತಾಗಿ ನಡುವೆ ಬೆಳಕು ತೂರಿ ಬರುತ್ತಿದೆ, ಅಂದರೆ ಗೋಡೆ ಒಳಕ್ಕೆ ಬಟ್ಟಲಿನ ಹಾಗೆ ಕುಳಿಬಿದ್ದಿದೆ. ಉಗುರಲ್ಲಿ ಕೆರೆದರೆ ಅಂಚಿನ ಹತ್ತಿರ ಮೆಟ್ಟಿಲು ಸಿಗುತ್ತೆ. ಸವೆತ ಗೊತ್ತಾಗಲಿ ಅಂತ ತಯಾರಕರು ಇಟ್ಟಿದ್ದ ಗೀರು ಮುಂದಿನ ವೀಲ್‌ನಲ್ಲಿ ಒಂದು ಕಡೆ ಪೂರ್ತಿ ಮಾಯ, ಇನ್ನೊಂದು ಕಡೆ ಅರ್ಧ ಸುತ್ತು ಮಾತ್ರ ಉಳಿದಿದೆ. ಆ ಗೀರು ಹೋದರೆ ರಿಮ್ ಬದಲಿಸಿ ಅಂತಲೇ ಅರ್ಥ. ಹಳೇ ವೀಲ್ ಮಾರೋರಿಗೆ ಇದು ಗೊತ್ತಿರಬೇಕು ಅಲ್ವಾ?

ಇಲ್ಲಿ ತೀರ್ಥಹಳ್ಳಿಯ ಸೈಕಲ್ ಶಾಪ್‌ನಲ್ಲಿ ಅಳತೆಯನ್ನೂ ಮಾಡಿಸಿದ್ದೇನೆ. ರಿಮ್ಮಿನ ತುದಿಯ ಅಂಚು ದಪ್ಪ ಇರೋದರಿಂದ ದಪ್ಪ ಅಳೆಯುವ ವರ್ನಿಯರನ್ನು ಹಾಗೇ ಹಾಕಿದರೆ ಆ ಅಂಚಿನ ಅಳತೆ ಬರುತ್ತೆ, ಗೋಡೆಯದ್ದಲ್ಲ. ಅವರು ಒಳಗೊಂದು ಹೊರಗೊಂದು ಬೇರಿಂಗ್ ಗುಂಡು ಇಟ್ಟು ಅಳೆದು, ಗುಂಡುಗಳ ಅಳತೆ ಕಳೆದರು. ತೆಳು ಜಾಗದಲ್ಲಿ 0.8 ಮಿ.ಮೀ. ಇಂಥ ರಿಮ್ ಹೊಸದರಲ್ಲಿ ಸುಮಾರು ಒಂದೂವರೆ ಮಿ.ಮೀ. ಇರುತ್ತೆ, ಒಂದಕ್ಕಿಂತ ಕೆಳಗೆ ಹೋದರೆ ನಂಬುವ ಹಾಗಿಲ್ಲ.

ಬಿರುಕಿಲ್ಲ ಅನ್ನೋ ನಿಮ್ಮ ಮಾತೇ ನನಗೆ ಜಾಸ್ತಿ ಭಯ ಹುಟ್ಟಿಸಿದ್ದು. ಟೈರಿಗೆ 70 ಪಿಎಸ್‌ಐ ಗಾಳಿ ತುಂಬಿದರೆ ಒಂದೊಂದು ಚದರ ಇಂಚಿಗೂ 30 ಕೆಜಿಗಿಂತ ಜಾಸ್ತಿ ಒತ್ತಡ. ಆ ಒತ್ತಡದಲ್ಲಿ ಟೈರಿನ ಅಂಚು ರಿಮ್ಮಿನ ಗೋಡೆಯನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತೆ. ಗೋಡೆ ತೆಳುವಾದರೆ ಒಂದು ದಿನ ಕಣ್ಣಿಗೆ ಕಾಣುವ ಸೂಚನೆಯೇ ಇಲ್ಲದೆ ಸೀಳಿ ಟ್ಯೂಬ್ ಸಿಡಿಯಬಹುದು, ಕೆಲವೊಮ್ಮೆ ಬ್ರೇಕ್ ಹಿಡಿದಾಗಲೇ. ಮುಂದಿನ ವೀಲ್ ಆದರೆ ಸವಾರರು ನೆಲಕ್ಕೆ.

ನಮ್ಮ ಕಡೆ ಊರೆಲ್ಲ ಏರು ಇಳಿಜಾರು. ಆಗುಂಬೆ ಘಾಟಿಯ 14 ತಿರುವಲ್ಲಿ ಇಳಿಯೋರ ಕೈ ಬ್ರೇಕ್ ಬಿಡೋದೇ ಕಷ್ಟ. ಜುಲೈ ಮಳೆಯಲ್ಲಿ ಮಣ್ಣು, ಮರಳು ಎಲ್ಲ ಬ್ರೇಕ್ ಶೂಗೆ ಅಂಟಿ ರಿಮ್ಮನ್ನು ಅರೆಯುತ್ತೆ, ಒಣ ರಸ್ತೆಯಲ್ಲಿ ವರ್ಷಗಟ್ಟಲೆ ಬರುವ ರಿಮ್ ಇಲ್ಲಿ ಬೇಗ ಮುಗಿಯುತ್ತೆ. ನೀವು ಕಳಿಸಿದ್ದರಲ್ಲಿ ಮುಗಿಯೋಕೆ ಏನೂ ಉಳಿದೇ ಇಲ್ಲ. ವೀಲ್ ನಡುವಿನ ಹಬ್ ಚೆನ್ನಾಗಿದೆ, ಕಡ್ಡಿಯೂ ಸರಿ ಇದೆ, ‘ಹಬ್ಬಿಗೋಸ್ಕರ ತಗೊಳ್ಳಿ, ರಿಮ್ ಹಾಕಿಸಿಕೊಳ್ಳಿ’ ಅಂತ ಬರೆದು ಕಡಿಮೆ ಬೆಲೆಗೆ ಕೊಟ್ಟಿದ್ದರೆ ಈ ಪತ್ರವೇ ಬೇಕಿರಲಿಲ್ಲ.

‘ಹಳೇ ಮಾಲಿಗೆ ರಿಟರ್ನ್ ಇಲ್ಲ’ ಅನ್ನೋದೂ ನಡೆಯಲ್ಲ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೋಷವಿರುವ, ಜಾಹೀರಾತಿನಲ್ಲಿ ಹೇಳಿದಂತಿಲ್ಲದ ವಸ್ತುವನ್ನು ಮಾರಿದವರು ವಾಪಸ್ ತಗೊಳ್ಳಲ್ಲ ಅನ್ನುವಂತಿಲ್ಲ. ದೂರು ತಲುಪಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಇಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸುತ್ತೇನೆ, ಅಲ್ಲೂ ಆಗದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.

ಕೊರಿಯರ್ ಖರ್ಚು ಸೇರಿಸಿ ಪೂರ್ತಿ ಹಣ ವಾಪಸ್ ಬೇಕು. ಈ ವೀಲನ್ನು ಮತ್ತೆ ‘ಗುಡ್ ಕಂಡೀಶನ್’ ಅಂತ ಇನ್ನೊಬ್ಬರಿಗೆ ಮಾರಲ್ಲ ಅಂತ ಬರವಣಿಗೆಯಲ್ಲಿ ಕೊಡಿ. ಸ್ಕೇಲ್ ಹಿಡಿದ ಫೋಟೋ, ವರ್ನಿಯರ್ ಫೋಟೋ, ನಿಮ್ಮ ಜಾಹೀರಾತಿನ ಸ್ಕ್ರೀನ್‌ಶಾಟ್ ಜೊತೆಗಿಟ್ಟಿದ್ದೇನೆ. ವೀಲ್ ಪ್ಯಾಕ್ ಮಾಡಿ ಇಟ್ಟಿದೆ, ಯಾವತ್ತು ತಗೊಂಡು ಹೋಗ್ತೀರಿ ತಿಳಿಸಿ.

ಇಂತಿ,
ತೀರ್ಥಹಳ್ಳಿಯ ನಿಮ್ಮ ಗ್ರಾಹಕ