ಮಾತೆತ್ತದ ಶಾಲೆಯಲ್ಲಿ ಓದಿದವನ ಪತ್ರ

ಸಂಪಾದಕರೇ,

ಶಾಲೆಯಲ್ಲಿ ಸಲಿಂಗಿಗಳ ಮಾತೆತ್ತಿದರೆ ಮಕ್ಕಳು ಹಾಳಾಗುತ್ತಾರೆ ಎಂದು ಓದುಗರೊಬ್ಬರು ಈ ಅಂಕಣದಲ್ಲಿ ಬರೆದಿದ್ದರು. ನಾನು ಓದಿದ್ದೇ ಮಾತೆತ್ತದ ಶಾಲೆಯಲ್ಲಿ. ಅದಕ್ಕೇ ಈ ಪತ್ರ.

ನನ್ನ ಹೈಸ್ಕೂಲು ಇಂಗ್ಲೆಂಡ್‌ನಲ್ಲಿ. ಅಲ್ಲಿ 1988ರ ಮೇ 24ರಂದು ಸೆಕ್ಷನ್ 28 ಎಂಬ ಕಾನೂನು ಜಾರಿಗೆ ಬಂತು. ಸ್ಥಳೀಯ ಆಡಳಿತಗಳು ಸಲಿಂಗ ಪ್ರೇಮಕ್ಕೆ ಉತ್ತೇಜನ ಕೊಡುವಂತಿಲ್ಲ, ಅದೂ ಒಂದು ಕುಟುಂಬವೇ, ಒಪ್ಪಬಹುದು ಎಂದು ಸರ್ಕಾರಿ ಶಾಲೆಗಳಲ್ಲಿ ಹೇಳಿಕೊಡಲು ಬೆಂಬಲಿಸುವಂತಿಲ್ಲ ಎಂದು ಅದು ಹೇಳಿತು. ಟೀಚರ್‌ಗಳನ್ನು ಜೈಲಿಗೆ ಹಾಕುವ ಮಾತೇ ಅದರಲ್ಲಿ ಇರಲಿಲ್ಲ. ಅದರಡಿ ಯಾರಿಗೂ ಶಿಕ್ಷೆಯೂ ಆಗಲಿಲ್ಲ. ಆದರೆ ಎಷ್ಟು ಮಾತಾಡಬಹುದು, ಎಲ್ಲಿ ನಿಲ್ಲಿಸಬೇಕು ಎಂಬುದು ಸ್ಪಷ್ಟವಿರಲಿಲ್ಲ. ಕೆಲಸಕ್ಕೆ ಕುತ್ತು ಬಂದರೆ? ಸುಮ್ಮನಿರುವುದೇ ವಾಸಿ ಎಂದುಕೊಂಡವರೇ ಜಾಸ್ತಿ.

ಬಾಯಿ ಮುಚ್ಚಿದ್ದು ಟೀಚರ್‌ಗಳದ್ದು ಮಾತ್ರ. ಆಟದ ಮೈದಾನದಲ್ಲಿ, ಬಟ್ಟೆ ಬದಲಿಸುವ ಕೋಣೆಯಲ್ಲಿ ‘ಗೇ’ ಎಂಬ ಬೈಗುಳ ದಿನವೂ ಕಿವಿಗೆ ಬೀಳುತ್ತಿತ್ತು. ಒಮ್ಮೆ ನನ್ನ ನೋಟ್‌ಬುಕ್ಕಿನ ಮೇಲೆ ಅದನ್ನೇ ದೊಡ್ಡದಾಗಿ ಗೀಚಿದ್ದರು. ಇಂಗ್ಲಿಷ್ ಟೀಚರ್ ನೋಡಿದರು. ಏನೂ ಹೇಳದೆ ಹೊಸ ನೋಟ್‌ಬುಕ್ ಕೊಟ್ಟರು. ಬಹಳ ಒಳ್ಳೆಯವರು ಅವರು. ನನ್ನ ಮೈಬಣ್ಣ ಹಿಡಿದು ಯಾರಾದರೂ ಹಂಗಿಸಿದರೆ ಪಾಠ ನಿಲ್ಲಿಸಿ ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಈ ಬೈಗುಳಕ್ಕೆ ಮಾತ್ರ ತುಟಿ ಬಿಚ್ಚಲಿಲ್ಲ. ಹದಿಮೂರರ ಹುಡುಗ ಅದರಿಂದ ಏನು ಕಲಿಯುತ್ತಾನೆ? ಬಣ್ಣಕ್ಕೆ ಬೈದರೆ ತಪ್ಪು, ಇದಕ್ಕೆ ಬೈದರೆ ತಪ್ಪಿಲ್ಲ ಎಂದು ತಾನೇ?

ಅಪ್ಪ ಅಮ್ಮನನ್ನು ಕೇಳುವ ಧೈರ್ಯ ಇರಲಿಲ್ಲ. ಅದು ಏಡ್ಸ್ ಭಯದ ಕಾಲ ಬೇರೆ. ಸಲಿಂಗಿ ಎಂದರೆ ರೋಗ, ಸಾವು, ಅಷ್ಟೇ ನನಗೆ ತಿಳಿದದ್ದು. ನಮ್ಮಂಥವರೂ ಓದುತ್ತಾರೆ, ದುಡಿಯುತ್ತಾರೆ, ಸಂಗಾತಿಯ ಜೊತೆ ಮುದುಕರಾಗುತ್ತಾರೆ ಎಂದು ದೊಡ್ಡವರೊಬ್ಬರು ಹೇಳಿದ್ದರೆ ಎಷ್ಟೋ ರಾತ್ರಿ ನಿದ್ದೆ ಬರುತ್ತಿತ್ತು.

ಸ್ಕಾಟ್ಲೆಂಡ್‌ನಲ್ಲಿ 2000ನೇ ಇಸವಿಯಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2003ರಲ್ಲಿ ಆ ಕಾನೂನು ರದ್ದಾಯಿತು. ಅದನ್ನು ತಂದ ಪಕ್ಷದ ನಾಯಕ ಡೇವಿಡ್ ಕ್ಯಾಮರಾನ್ 2009ರಲ್ಲಿ ಕ್ಷಮೆಯನ್ನೂ ಕೇಳಿದರು. ನಾವು ಶಾಲೆ ಬಿಟ್ಟು ಎಷ್ಟೋ ವರ್ಷ ಆಗಿತ್ತು.

ನನಗೆ ಶಾಲೆಯಲ್ಲಿ ಯಾರೂ ಏನೂ ಹೇಳಿಕೊಡಲಿಲ್ಲ. ಆದರೂ ನಾನು ಸಲಿಂಗಿಯೇ. ಪತ್ರ ಬರೆದ ಓದುಗರಿಗೆ ಒಂದು ಮಾತು ಕೇಳುತ್ತೇನೆ: ಇಂಥ ಬೈಗುಳ ತಿಂದ ಮಗು ನಾಳೆ ಅಳುತ್ತಾ ಟೀಚರ್ ಮುಂದೆ ಬಂದು ನಿಂತರೆ, ಅವರು ಏನು ಹೇಳಬೇಕು?

ಓದುಗ, ಲೀಡ್ಸ್