‘ಸಾಲಾಗಿ ನಿಲ್ಲುತ್ತವೆ’ ಎಂಬ ಮಾತಿನ ಬಗ್ಗೆ

ದಾವಣಗೆರೆ

ಪ್ರೀತಿಯ ತಂಗಿ,

ಚಳ್ಳಕೆರೆಯಿಂದ ನೀನು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಜೀವಕೋಶ ಎರಡಾಗುವ ಮುಂಚೆ ಅದರೊಳಗೆ ಏನೇನು ನಡೆಯುತ್ತದೆ ಅಂತ ಕನ್ನಡದಲ್ಲಿ ಹೇಳಲು ಹೊರಟಿದ್ದೀಯ. ತುಂಬಾ ಖುಷಿಯಾಯಿತು. ಆದರೆ ಒಂದು ವಾಕ್ಯ ಮನಸ್ಸಿನಲ್ಲಿ ಚುಚ್ಚುತ್ತಲೇ ಇದೆ: ‘ಆಮೇಲೆ ಕ್ರೋಮೋಸೋಮ್‌ಗಳು ಮಧ್ಯದಲ್ಲಿ ಸಾಲಾಗಿ ನಿಲ್ಲುತ್ತವೆ.’

ಅವು ಸುಮ್ನೆ ನಿಲ್ಲುವುದಿಲ್ಲ ತಂಗಿ.

ಮನುಷ್ಯನ ಒಂದು ಕೋಶದಲ್ಲಿ 46 ಕ್ರೋಮೋಸೋಮ್, ಅಂದರೆ ಡಿಎನ್‌ಎ ಎಳೆಯ ಸುರುಳಿಗಳು. ಅವುಗಳ ಡಿಎನ್‌ಎ ಎಳೆಯನ್ನೆಲ್ಲ ಬಿಚ್ಚಿ ಜೋಡಿಸಿದರೆ ಸುಮಾರು 2 ಮೀಟರ್. ಕೋಶ ಎರಡಾಗುವ ಮುಂಚೆ ಆ ಎಳೆಯೆಲ್ಲ ನಕಲಾಗುತ್ತದೆ, ಆಗ 4 ಮೀಟರ್. ನಮ್ಮೂರಿನ ಹತ್ತಿ ಮಿಲ್ಲುಗಳ ಕಾಲ ಕಂಡವರಿಗೆ ಗೊತ್ತು, ನೂಲನ್ನು ಲಡಿ ಮಾಡದೆ ಬಿಟ್ಟರೆ ಸಿಕ್ಕಾಗುತ್ತದೆ, ಸಿಕ್ಕನ್ನು ಎಳೆದರೆ ಹರಿಯುತ್ತದೆ. ಕೋಶದಲ್ಲಿ ಲಡಿ ಮಾಡುವ ಕೆಲಸ ಕಾಂಡೆನ್ಸಿನ್ ಎಂಬ ಪ್ರೋಟೀನಿನದು. ಎಳೆಯನ್ನು ಕುಣಿಕೆ ಕುಣಿಕೆಯಾಗಿ ಎಳೆದು ಗಿಡ್ಡ ಮಾಡುತ್ತದೆ. ಒಂದು ಕಾಂಡೆನ್ಸಿನ್ ಹೀಗೆ ಕುಣಿಕೆ ಎಳೆಯುವುದನ್ನು ವಿಜ್ಞಾನಿಗಳು 2018ರಲ್ಲಿ ಕಣ್ಣಾರೆ ನೋಡಿದರು. ನಿನ್ನ ಲೇಖನದಲ್ಲಿ ಇದು ಬಿಟ್ಟುಹೋಗಿದೆ.

ನನಗೆ ಜಾಸ್ತಿ ಇಷ್ಟವಾಗುವುದು ಇನ್ನು ಮುಂದಿನದು. ಒಂದೊಂದು ಕ್ರೋಮೋಸೋಮ್ ನಕಲಾಗಿ ಆದ ಎರಡೂ ಅವಳಿಗಳನ್ನು ಕೊಹೆಸಿನ್ ಎಂಬ ಉಂಗುರ ಮೊದಲಿನಿಂದಲೇ ಕೂಡಿಸಿ ಹಿಡಿದಿರುತ್ತದೆ. ಆಗ ಕೋಶದ ಎರಡು ತುದಿಗಳಿಂದ ಕದಿರಿನ ಎಳೆಗಳು, ಅಂದರೆ ಕ್ರೋಮೋಸೋಮ್‌ಗಳನ್ನು ಎಳೆಯುವ ಹಗ್ಗದಂಥ ನಾರುಗಳು, ಬಂದು ಒಂದನ್ನು ಆ ಕಡೆಗೆ, ಇನ್ನೊಂದನ್ನು ಈ ಕಡೆಗೆ ಎಳೆಯುತ್ತವೆ. ಕೊಹೆಸಿನ್ ಬಿಡುವುದಿಲ್ಲ. ಎಳೆ ಬಿಗಿಯಾಗುತ್ತದೆ. ಕಟ್ಟು ಸರಿಯಿದೆ ಅನ್ನಲು ಕೋಶಕ್ಕೆ ಆ ಬಿಗಿಯೇ ಗುರುತು. ಸಡಿಲವಿದ್ದರೆ ಬಿಚ್ಚಿ ಮತ್ತೆ ಕಟ್ಟುತ್ತದೆ. ಒಂದೇ ಒಂದು ಕ್ರೋಮೋಸೋಮ್‌ಗೆ ಎಳೆ ಸಿಕ್ಕಿಲ್ಲ ಅಂದರೂ ಉಳಿದವೆಲ್ಲ ಕಾಯುತ್ತವೆ. ಎಲ್ಲದಕ್ಕೂ ಸಿಕ್ಕ ಮೇಲೆ ಸೆಪರೇಸ್ ಎಂಬ ಕಿಣ್ವ ಬಂದು ಉಂಗುರ ಕತ್ತರಿಸುತ್ತದೆ. ಇಷ್ಟು ದೊಡ್ಡ ಎಳೆದಾಟವನ್ನು ‘ನಿಲ್ಲುತ್ತವೆ’ ಅಂದರೆ ಹೇಗೆ, ನೀನೇ ಹೇಳು.

ನಾನೂ ಒಮ್ಮೆ ಬರೆದಿದ್ದೆ, ‘ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ’ ಅಂತ. ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರು ಅದನ್ನು ಓದಿ ಏನೂ ಅನ್ನಲಿಲ್ಲ. ಲ್ಯಾಬಿಗೆ ಕರೆದು ಈರುಳ್ಳಿ ಬೇರಿನ ಸ್ಲೈಡ್ ಇಟ್ಟರು. ತುಂಬಾ ಹೊತ್ತು ಹುಡುಕಿದೆ. ಬಹಳಷ್ಟು ಕೋಶಗಳು ಸುಮ್ಮನಿದ್ದವು. ಕೊನೆಗೆ ಒಂದು ಸಿಕ್ಕಿತು. ಈರುಳ್ಳಿಗೆ 16 ಕ್ರೋಮೋಸೋಮ್. ಅವುಗಳಲ್ಲಿ ಅವಳಿಗಳು ಕೂಡುವ ಜಾಗ ಮಾತ್ರ ಕೋಶದ ನಡುಗೆರೆಯ ಮೇಲಿತ್ತು, ತೋಳುಗಳು ಎಲ್ಲೆಂದರಲ್ಲಿ ಚಾಚಿಕೊಂಡಿದ್ದವು. ಯಾವ ಶಾಲೆಯ ಸಾಲೂ ಹಾಗಿರುವುದಿಲ್ಲ. ಆ ಹೋಲಿಕೆಯನ್ನು ಅಲ್ಲೇ ಹೊಡೆದುಹಾಕಿದೆ.

ನಿಮ್ಮ ಕಡೆ ಈರುಳ್ಳಿಗೇನೂ ಬರವಿಲ್ಲ, ಅಲ್ವಾ? ಒಂದನ್ನು ನೀರು ತುಂಬಿದ ಲೋಟದ ಬಾಯಿಯ ಮೇಲೆ ಕೂರಿಸು, ಬುಡ ನೀರಿಗೆ ತಾಕಲಿ. ಎರಡು ಮೂರು ದಿನದಲ್ಲಿ ಬಿಳಿ ಬೇರು ಬರುತ್ತದೆ. ಅದನ್ನು ಹಿಡಿದುಕೊಂಡು ಹತ್ತಿರದ ಕಾಲೇಜಿಗೆ ಹೋಗು. ತುದಿ ಕತ್ತರಿಸಿ, ಬಣ್ಣ ಹಾಕಿ ತೋರಿಸಿ ಅಂತ ಕೇಳು. ಕೇಳಿದರೆ ಇಲ್ಲ ಅನ್ನುವ ಮೇಷ್ಟ್ರು ಕಡಿಮೆ.

ನೋಡಿ ಬಂದ ಮೇಲೆ ಆ ಒಂದು ವಾಕ್ಯ ಮಾತ್ರ ತಿದ್ದಿ ಕಳಿಸು. ಉಳಿದದ್ದರ ಬಗ್ಗೆ ಆಮೇಲೆ ಮಾತಾಡೋಣ.

ನಿನ್ನ ಅಣ್ಣ