ಡುಪಿಯನ್ ರೇಷ್ಮೆಯ ಗೌನುಗಳನ್ನು ನಿಲ್ಲಿಸುತ್ತಿರುವ ಕುರಿತು ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರಿಗೆ,

ನಮಸ್ಕಾರಗಳು.

ಬರುವ ಯುಗಾದಿಯಿಂದ ನಮ್ಮ ಹೊಲಿಗೆ ಸಹಕಾರ ಸಂಘವು 16ನೇ ಶತಮಾನದ ಇಟಲಿಯ ಹೆಂಗಸರ ಗೌನುಗಳಿಗೆ ಡುಪಿಯನ್ ರೇಷ್ಮೆಯನ್ನು ಬಳಸುವುದನ್ನು ಪೂರ್ತಿಯಾಗಿ ನಿಲ್ಲಿಸಲಿದೆ. ಅಲ್ಲಿಂದ ಮುಂದೆ ಈ ಗೌನುಗಳ ಹೊರಬಟ್ಟೆ ನಯವಾದ ರೇಷ್ಮೆ ಸ್ಯಾಟಿನ್ ಆಗಿರುತ್ತದೆ. ಬೇಡವೆನ್ನುವವರಿಗೆ ತೆಳು ಉಣ್ಣೆಯ ಬಟ್ಟೆಯಲ್ಲಿ ಹೊಲಿದು ಕೊಡುತ್ತೇವೆ. ಈ ಬದಲಾವಣೆಯಿಂದ ರೇಷ್ಮೆ ಗೌನಿನ ಬೆಲೆ 38,000 ರೂಪಾಯಿಯಿಂದ 52,000 ರೂಪಾಯಿಗೆ ಏರುತ್ತದೆ ಮತ್ತು ಗೌನು ನಿಮ್ಮ ಕೈ ಸೇರಲು 8 ವಾರಗಳ ಬದಲು 12 ವಾರಗಳು ಹಿಡಿಯುತ್ತವೆ. ಇಷ್ಟು ವ್ಯತ್ಯಾಸವಾಗುವಾಗ ಹೊಸ ದರಪಟ್ಟಿಯೊಂದನ್ನು ಕಳುಹಿಸಿ ಸುಮ್ಮನಾಗುವುದು ಸರಿಯಲ್ಲ. ನಮ್ಮನ್ನು ನಂಬಿ ಅಳತೆ ಕೊಟ್ಟ ರಂಗತಂಡಗಳಿಗೂ, ಅಮೆರಿಕದಲ್ಲಿ ನೆಲೆಸಿ ಅಲ್ಲಿನ ರಿನೈಸಾನ್ಸ್ ಮೇಳಗಳಲ್ಲಿ (ಹಳೆಯ ಕಾಲದ ಯುರೋಪಿನ ಉಡುಗೆ ತೊಟ್ಟು ಜನ ಸೇರುವ ಜಾತ್ರೆಗಳಲ್ಲಿ) ನಾವು ಹೊಲಿದ ಉಡುಗೆಯನ್ನು ತೊಟ್ಟು ಹೋಗುವ ಕನ್ನಡಿಗರಿಗೂ ಕಾರಣವನ್ನು ವಿವರವಾಗಿ ತಿಳಿಸಬೇಕೆಂದು ಈ ಪತ್ರವನ್ನು ಬರೆಯುತ್ತಿದ್ದೇವೆ.

ಡುಪಿಯನ್ ನಮ್ಮದೇ ಊರಿನ ಬಟ್ಟೆ. ಬೆಂಗಳೂರಿನ ಡುಪಿಯನ್ ಹೊರದೇಶದ ಹೊಲಿಗೆಯವರಿಗೂ ಪರಿಚಿತವಾದದ್ದು, ಮತ್ತು ನಮ್ಮ ಸಂಘ ಆರಂಭವಾದಾಗ ಕೈಗೆಟಕುವ ಬೆಲೆಯಲ್ಲಿ ಅಪ್ಪಟ ರೇಷ್ಮೆಯ ಗೌನನ್ನು ಹೊಲಿದುಕೊಡಲು ಸಾಧ್ಯವಾದದ್ದೇ ಆ ಬಟ್ಟೆಯಿಂದ. ಆದ್ದರಿಂದ ಅದನ್ನು ಕೈಬಿಡುವ ತೀರ್ಮಾನ ನಮಗೆ ಸುಲಭವಾಗಿರಲಿಲ್ಲ. ಎರಡು ರೇಷ್ಮೆಹುಳುಗಳು ಒಟ್ಟಿಗೆ ಸೇರಿ ಒಂದೇ ಗೂಡನ್ನು ಕಟ್ಟಿದಾಗ ಅವುಗಳ ಎಳೆಗಳು ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ. ಅಂತಹ ಜೋಡಿಗೂಡಿನಿಂದ ಬಿಚ್ಚಿದ ನೂಲು ಒಂದೆಡೆ ದಪ್ಪ, ಒಂದೆಡೆ ಸಣ್ಣ, ನಡುನಡುವೆ ಗಂಟು ಆಗಿ ಬರುತ್ತದೆ. ಆ ನೂಲನ್ನು ಹೊಕ್ಕಾಗಿ ಹಾಕಿ ನೇಯ್ದಾಗ ಬಟ್ಟೆಯ ಅಡ್ಡಕ್ಕೆ ಉಬ್ಬುಗೆರೆಗಳು ಮೂಡುತ್ತವೆ. ಇಂದು ನಾವು ಆ ಗೆರೆಗಳನ್ನೇ ಕೈಮಗ್ಗದ ಸೊಗಸೆಂದು ಮೆಚ್ಚುತ್ತೇವೆ, ಮತ್ತು ಕುರ್ತಾಕ್ಕೋ ದಿಂಬಿನ ಹೊದಿಕೆಗೋ ಅದು ನಿಜವಾಗಿಯೂ ಸೊಗಸೇ. ಆದರೆ ಡುಪಿಯನ್ ಎಂಬ ಹೆಸರೇ ಜೋಡಿ ಎಂಬರ್ಥದ ಇಟಾಲಿಯನ್ ಪದದಿಂದ ಬಂದದ್ದು, ಮತ್ತು ಆ ಕಾಲದ ಇಟಲಿಯ ರೇಷ್ಮೆಯವರು ಜೋಡಿಗೂಡುಗಳನ್ನು ಆರಿಸಿ ಬೇರೆ ಇಟ್ಟು ಅವುಗಳ ನೂಲನ್ನು ಕೆಳದರ್ಜೆಯದೆಂದೇ ಎಣಿಸುತ್ತಿದ್ದರು. ಫ್ಲಾರೆನ್ಸಿನ ಸಿರಿವಂತ ಮನೆಯ ಹೆಣ್ಣುಮಗಳೊಬ್ಬಳು ಹಬ್ಬಕ್ಕೆಂದು ಹೊಲಿಸಿಕೊಂಡ ಗೌನಿನ ಮೇಲೆ ಇಂತಹ ಗಂಟುಗಳು ಕಂಡಿದ್ದರೆ ಆಕೆ ಅದನ್ನು ನೇಕಾರನ ತಪ್ಪೆಂದು ಹಿಂದಕ್ಕೆ ಕಳುಹಿಸುತ್ತಿದ್ದಳೆಂಬುದರಲ್ಲಿ ನಮಗೆ ಸಂಶಯವಿಲ್ಲ.

ಈ ವಿಷಯ ನಮ್ಮ ಗಮನಕ್ಕೆ ಬರಲು ತಡವಾಯಿತು. ನಮ್ಮ ಗೌನು ತೊಟ್ಟ ನಟಿಯರ ಚಿತ್ರಗಳನ್ನು ರಂಗತಂಡವೊಂದು ಕಳುಹಿಸಿದಾಗ, ಬದಿಯಿಂದ ಬಿದ್ದ ದೀಪದ ಬೆಳಕಿನಲ್ಲಿ ಲಂಗದ ತುಂಬ ಅಡ್ಡಗೆರೆಗಳು ಎದ್ದು ಕಾಣುತ್ತಿದ್ದುದನ್ನು ನೋಡಿ ನಾವು ದೀಪದ ವ್ಯವಸ್ಥೆಯೇ ಸರಿಯಿಲ್ಲವೆಂದುಕೊಂಡೆವು. ಬಳಿಕ, ನಮ್ಮಲ್ಲಿ ಎರಡು ಗೌನುಗಳನ್ನು ಹೊಲಿಸಿಕೊಂಡಿದ್ದ ಗ್ರಾಹಕರೊಬ್ಬರು ಫ್ಲಾರೆನ್ಸಿಗೆ ಹೋಗಿ ಅಲ್ಲಿನ ಪಿಟ್ಟಿ ಅರಮನೆಯ ಉಡುಗೆಗಳ ಸಂಗ್ರಹವನ್ನು ನೋಡಿ ಬಂದು, ನಮ್ಮ ಹೊಲಿಗೆಯನ್ನು ಮನಸಾರೆ ಹೊಗಳಿ, ಬಟ್ಟೆ ಮಾತ್ರ ಹೊಂದುವುದಿಲ್ಲವೆಂದು ಬಹಳ ಸೌಜನ್ಯದಿಂದ ಬರೆದರು. ಆ ಕಾಗದವನ್ನು ನಮ್ಮ ಕಟಿಂಗ್ ಮೇಜಿನ ಮೇಲೆ ಇಟ್ಟು ಎಲ್ಲರೂ ಓದಿದೆವು. ಅವರಿಗೆ ಈ ಪತ್ರದ ಮೂಲಕ ಮತ್ತೊಮ್ಮೆ ಕೃತಜ್ಞತೆ ಸಲ್ಲಿಸುತ್ತೇವೆ.

ನಮ್ಮ ಗ್ರಾಹಕರು ಅತಿ ಹೆಚ್ಚಾಗಿ ಕೇಳುವುದು ಎಲೆನೋರಾ ದಿ ತೊಲೆದೊಳ ಗೌನನ್ನು. ನೇಪಲ್ಸಿನ ವೈಸರಾಯ್‌ನ ಮಗಳಾಗಿ ಬೆಳೆದು, 1539ರಲ್ಲಿ ಫ್ಲಾರೆನ್ಸಿನ ಡ್ಯೂಕ್ ಕೋಸಿಮೊ ಮೆದಿಚಿಯನ್ನು ಮದುವೆಯಾದ ಈಕೆಯನ್ನು ಬ್ರೊಂಜಿನೊ ಎಂಬ ಚಿತ್ರಕಾರ 1545ರ ಸುಮಾರಿಗೆ ಮಗನೊಂದಿಗೆ ಚಿತ್ರಿಸಿದ. ಉಫೀಜಿ ಸಂಗ್ರಹಾಲಯದಲ್ಲಿರುವ ಆ ಚಿತ್ರದ ಬಿಳಿ, ಕಪ್ಪು ಮತ್ತು ಚಿನ್ನದ ಬಣ್ಣದ ಹೂಬಟ್ಟೆ, ಎದೆಯ ನಡುವಿನ ದೊಡ್ಡ ದಾಳಿಂಬೆಯ ವಿನ್ಯಾಸ ನಿಮ್ಮಲ್ಲಿ ಹಲವರಿಗೆ ಕಣ್ಣಿಗೆ ಕಟ್ಟಿದಂತಿರುತ್ತದೆ. ಆಕೆ 1562ರಲ್ಲಿ ಪೀಸಾದಲ್ಲಿ ಮಲೇರಿಯಾದಿಂದ ತೀರಿಕೊಂಡಳು. ಫ್ಲಾರೆನ್ಸಿನ ಸಾನ್ ಲೊರೆಂಜೊ ಚರ್ಚಿನಲ್ಲಿದ್ದ ಸಮಾಧಿಯನ್ನು 1857ರಲ್ಲಿ ತೆರೆದಾಗ ದೊರೆತ ಉಡುಗೆಯೇ ಚಿತ್ರದಲ್ಲಿರುವ ಉಡುಗೆಯೆಂದು ಬಹುಕಾಲ ಜನ ನಂಬಿದ್ದರು. ಅದು ನಿಜವಲ್ಲ. ಸಮಾಧಿಯಲ್ಲಿದ್ದದ್ದು ಹೂವಿನ ನೇಯ್ಗೆಯಿಲ್ಲದ ನಯವಾದ ಸ್ಯಾಟಿನ್ನಿನ ಗೌನು. ಅದರ ಮೇಲೆ ಕಸೂತಿ ಮಾಡಿದ ಮಖಮಲ್ಲಿನ ಪಟ್ಟಿಗಳನ್ನು ಕೂರಿಸಲಾಗಿತ್ತು. ಒಳಗೆ ಮುಂಭಾಗದಲ್ಲಿ ಹುಕ್ಕುಗಳಿಂದ ಮುಚ್ಚುವ ಕೆಂಪು ಮಖಮಲ್ಲಿನ ಕುಪ್ಪಸ, ಕಾಲಿಗೆ ಹೆಣೆದ ರೇಷ್ಮೆಯ ಕಾಲುಚೀಲಗಳಿದ್ದವು. ಶತಮಾನಗಳ ಕಾಲ ಸಮಾಧಿಯಲ್ಲಿದ್ದು ತುಂಡುತುಂಡಾಗಿದ್ದ ಆ ಬಟ್ಟೆಯನ್ನು ಪರಿಣತರು 1980ರ ದಶಕದಲ್ಲಿ ಕೈಗೆತ್ತಿಕೊಂಡು, ವರ್ಷಗಟ್ಟಲೆ ಶ್ರಮಿಸಿ ಒಂದು ರೂಪಕ್ಕೆ ತಂದರು. ಅದರ ಕಟಿಂಗಿನ ನಕ್ಷೆಯನ್ನು ಇಂಗ್ಲೆಂಡಿನ ವಿದ್ವಾಂಸೆ ಜ್ಯಾನೆಟ್ ಅರ್ನಾಲ್ಡ್ ಅಳೆದು ಬರೆದು 1985ರಲ್ಲಿ ಪ್ರಕಟಿಸಿದರು; ನಾವು ಇಂದಿಗೂ ಹೊಲಿಯುವುದು ಆ ನಕ್ಷೆಯನ್ನು ಆಧರಿಸಿಯೇ.

ನಕ್ಷೆಯನ್ನು ಅಷ್ಟು ನಿಷ್ಠೆಯಿಂದ ಅನುಸರಿಸಿ, ಹಿಂಬದಿಯ ಎರಡೂ ಪಕ್ಕಗಳಲ್ಲಿ ಲಾಡಿ ಹಾಕಿ ಬಿಗಿಯುವ ಕ್ರಮವನ್ನೂ ಬಿಡದೆ ಪಾಲಿಸಿ, ಲಾಡಿಯ ಕಣ್ಣುಗಳಿಗೆ ಲೋಹದ ಐಲೆಟ್ ಬಡಿಯದೆ ದಬ್ಬಳದಿಂದ ಎಳೆಗಳನ್ನು ಸರಿಸಿ ಸುತ್ತಲೂ ರೇಷ್ಮೆ ದಾರದಿಂದ ಕೈಹೊಲಿಗೆ ಹಾಕಿ, ಕಡೆಗೆ ಹೊರಬಟ್ಟೆಯಲ್ಲಿ ಎಡವಿದ್ದೆವು. ಈ ಗೌನಿನ ಚೆಲುವು ಇರುವುದೇ ಸೊಂಟದಿಂದ ನೆಲದವರೆಗೆ ಉದ್ದುದ್ದಕ್ಕೆ ಇಳಿಯುವ ಬೆಳಕಿನಲ್ಲಿ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ, ಮೊರೋನಿ ಚಿತ್ರಿಸಿದ ಕೆಂಪು ಉಡುಗೆಯ ಮಹಿಳೆಯನ್ನು ನೋಡಿದರೆ ಇದು ತಿಳಿಯುತ್ತದೆ: ಪ್ರತಿ ನೆರಿಗೆಯ ಏಣಿನ ಮೇಲೆ ಒಂದು ಬೆಳ್ಳನೆಯ ಗೆರೆ ಎಲ್ಲಿಯೂ ಕಡಿಯದೆ ಹರಿಯುತ್ತದೆ. ಡುಪಿಯನ್ನಿನ ಅಡ್ಡಗಂಟುಗಳು ಆ ಗೆರೆಯನ್ನು ಬೆರಳಷ್ಟು ದೂರಕ್ಕೊಮ್ಮೆ ಕತ್ತರಿಸುತ್ತವೆ.

ಹೊಸ ಸ್ಯಾಟಿನ್ನನ್ನು ನಾವು ದೂರದಿಂದ ತರಿಸುತ್ತಿಲ್ಲ. ದ್ವಿತಳಿ ಗೂಡಿನಿಂದ (ಇದು ಜೋಡಿಗೂಡಲ್ಲ, ವರ್ಷಕ್ಕೆ ಎರಡು ಪೀಳಿಗೆ ಕಾಣುವ ತಳಿಯ ಹುಳುವಿನ ಗೂಡು) ಬಿಚ್ಚಿದ, ಎಳೆ ಉದ್ದವಾಗಿಯೂ ಸಮನಾಗಿಯೂ ಇರುವ ಬಿಳಿ ನೂಲನ್ನು ಆರಿಸಿ, ಮೊದಲೇ ಹುರಿ ಮಾಡಿಸಿ, ಬಣ್ಣ ಕಟ್ಟಿಸಿ, ನಮ್ಮ ಊರಿನ ಮಗ್ಗದಲ್ಲಿಯೇ ನೇಯಿಸುತ್ತೇವೆ. ಈ ಹಿಂದೆ ಡುಪಿಯನ್ ನೇಯ್ದು ಕೊಡುತ್ತಿದ್ದ ಕುಟುಂಬವೇ ಈ ಕೆಲಸವನ್ನು ಒಪ್ಪಿಕೊಂಡಿದೆ ಎಂದು ತಿಳಿಸಲು ನಮಗೆ ಸಂತೋಷವಾಗುತ್ತದೆ. ಸ್ಯಾಟಿನ್ ನೇಯ್ಗೆಯಲ್ಲಿ ಎಳೆ ತಪ್ಪಿದರೆ ಮರೆಮಾಚಲು ಎಡೆಯಿಲ್ಲ. ಆದ್ದರಿಂದ ನೇಯ್ಗೆ ನಿಧಾನವಾಗಿ ಸಾಗುತ್ತದೆ, ಮತ್ತು ನಾವು ಕೇಳುತ್ತಿರುವ ಹೆಚ್ಚಿನ 4 ವಾರಗಳೂ ಬಹುಪಾಲು ಮಗ್ಗಕ್ಕೇ ಸಲ್ಲುತ್ತವೆ. ಬಣ್ಣದ ವಿಷಯದಲ್ಲಿ ಯಾವ ಬದಲಾವಣೆಯೂ ಇಲ್ಲ. ಆ ಕಾಲದ ಕಡುಗೆಂಪು ಕೆರ್ಮಿಸ್ ಕೀಟದಿಂದಲೂ, ಆಮೇಲೆ ಮೆಕ್ಸಿಕೊದಿಂದ ಬಂದ ಕೊಚಿನೀಲ್ ಕೀಟದಿಂದಲೂ ತಯಾರಾಗುತ್ತಿತ್ತು. ನಾವು ಬಳಸುವುದು ರಾಸಾಯನಿಕ ಬಣ್ಣವನ್ನೇ. ಅದೇ ರೀತಿ ಅಲಂಕಾರದ ಪಟ್ಟಿಗಳಿಗೆ ರೇಷ್ಮೆಯ ಮಖಮಲ್ಲು ನಮ್ಮ ಶಕ್ತಿಗೆ ಮೀರಿದ್ದರಿಂದ ಹತ್ತಿಯ ಮಖಮಲ್ಲನ್ನು ಮುಂದುವರಿಸುತ್ತೇವೆ.

ಬಟ್ಟೆ ಬದಲಾದ ಮೇಲೆ ಕಟಿಂಗನ್ನೂ ಬದಲಿಸಿದ್ದೇವೆ, ಮತ್ತು ಗೌನು ಕೈಗೆ ಬಂದಾಗ ನಿಮಗೆ ಅಚ್ಚರಿಯಾಗದಿರಲೆಂದು ಇದನ್ನು ಸ್ವಲ್ಪ ವಿವರಿಸಬೇಕಾಗಿದೆ. ಫ್ಲಾರೆನ್ಸಿನಲ್ಲಿ ಬಟ್ಟೆ ಅಳೆಯುತ್ತಿದ್ದ ಬ್ರಾಚೊ ಎಂಬ ಅಳತೆ ಸುಮಾರು 58 ಸೆಂಟಿಮೀಟರ್. ಅಲ್ಲಿನ ರೇಷ್ಮೆಯ ಪನ್ನವೂ, ಅಂದರೆ ಬಟ್ಟೆಯ ಅಗಲವೂ, ಹೆಚ್ಚುಕಡಿಮೆ ಅಷ್ಟೇ ಇರುತ್ತಿತ್ತು. ಸ್ಪೇನಿನ ದರ್ಜಿ ಹುವಾನ್ ದೆ ಅಲ್ಸೇಗಾ 1580ರಲ್ಲಿ ಮ್ಯಾಡ್ರಿಡ್‌ನಲ್ಲಿ ಪ್ರಕಟಿಸಿದ ಕಟಿಂಗ್ ಪುಸ್ತಕದಲ್ಲಿಯೂ ಕಿರುಪನ್ನದ ರೇಷ್ಮೆಯಲ್ಲಿ ಒಂದು ಗೇಣೂ ದಂಡವಾಗದಂತೆ ಭಾಗಗಳನ್ನು ಹೊಂದಿಸಿ, ಲಂಗದ ಅಂಚಿನಲ್ಲಿ ಬಟ್ಟೆ ಸಾಲದ ಕಡೆ ಚಿಕ್ಕ ತುಂಡುಗಳನ್ನು ಕೂಡಿಸುವ ನಕ್ಷೆಗಳೇ ಇವೆ. ಬಟ್ಟೆಗೆ ಹೊಲಿಗೆಗಿಂತ ಎಷ್ಟೋ ಪಟ್ಟು ಹೆಚ್ಚು ಬೆಲೆಯಿದ್ದ ಕಾಲ ಅದು. ನಮ್ಮ ಮಗ್ಗದ ಪನ್ನ 44 ಅಂಗುಲ. ಇಷ್ಟು ದಿನ ಆ ಅಗಲವನ್ನು ಹಾಗೆಯೇ ಹಾಸಿ, ಲಂಗದ ಮುಂಭಾಗವನ್ನು ಒಂದೇ ತುಂಡಿನಲ್ಲಿ ಕತ್ತರಿಸುತ್ತಿದ್ದೆವು. ಅದರಿಂದ ಲಂಗದ ಆಕಾರವೇ ಬೇರೆಯಾಗುತ್ತಿತ್ತು. ಇನ್ನು ಮುಂದೆ ಬಟ್ಟೆಯನ್ನು ಉದ್ದಕ್ಕೆ ನಡುವೆ ಸೀಳಿ, 22 ಅಂಗುಲದ ಎರಡು ಪನ್ನಗಳನ್ನಾಗಿ ಮಾಡಿಕೊಂಡು, ಅಂದರೆ ಸುಮಾರು 56 ಸೆಂಟಿಮೀಟರಿಗೆ ಇಳಿಸಿಕೊಂಡು ಕತ್ತರಿಸುತ್ತೇವೆ. ಹೀಗೆ ಮಾಡಿದಾಗ ಜೋಡಣೆಯ ಗೆರೆಗಳು ಮೂಲ ಗೌನಿನಲ್ಲಿ ಎಲ್ಲೆಲ್ಲಿ ಬರುತ್ತಿದ್ದವೋ ಹೆಚ್ಚುಕಡಿಮೆ ಅಲ್ಲಲ್ಲಿಯೇ ಬರುತ್ತವೆ ಎಂಬುದನ್ನು ಮೊದಲ ಗೌನಿನಲ್ಲಿ ಕಂಡಾಗ ನಮ್ಮ ಹೊಲಿಗೆಮನೆಯಲ್ಲಿ ಆದ ಆನಂದವನ್ನು ಬರೆದು ತಿಳಿಸುವುದು ಕಷ್ಟ. ಆದ್ದರಿಂದ ಲಂಗದ ಕೆಳಮೂಲೆಯಲ್ಲಿ ತ್ರಿಕೋನಾಕಾರದ ತುಂಡೊಂದನ್ನು ಕೂಡಿಸಿದ್ದು ಕಂಡರೆ ಬಟ್ಟೆ ಸಾಲದೆ ತೇಪೆ ಹಾಕಿದ್ದಾರೆಂದು ದಯವಿಟ್ಟು ಭಾವಿಸಬೇಡಿ. ಅದು ಅಲ್ಲಿ ಇರಬೇಕಾದದ್ದೇ.

ಬೆಲೆಯ ಲೆಕ್ಕ ಹೀಗಿದೆ. ಮೊದಲು ಒಂದು ಗೌನಿಗೆ ಮೀಟರಿಗೆ 900 ರೂಪಾಯಿಯ ಡುಪಿಯನ್ 6 ಮೀಟರ್ ಬೇಕಾಗುತ್ತಿತ್ತು. ಸ್ಯಾಟಿನ್ನಿನ ಹೊಳಪು ಒಂದೇ ದಿಕ್ಕಿಗೆ ಇರುವಂತೆ ಎಲ್ಲ ಭಾಗಗಳನ್ನೂ ಕತ್ತರಿಸಬೇಕಾದ್ದರಿಂದ ಈಗ 7 ಮೀಟರ್ ಹಿಡಿಯುತ್ತದೆ, ಮತ್ತು ಮೀಟರಿಗೆ ನಮಗೆ ತಗಲುವ ವೆಚ್ಚ 2,400 ರೂಪಾಯಿ. ಹೊರಬಟ್ಟೆಯೊಂದರಲ್ಲಿಯೇ 11,400 ರೂಪಾಯಿ ಹೆಚ್ಚಾಯಿತು. ಉಳಿದ 2,600 ರೂಪಾಯಿ, ಸೀಳಿದ ಅಂಚುಗಳು ಬಿಚ್ಚಿಕೊಳ್ಳದಂತೆ ಕೈಯಲ್ಲಿ ಸುತ್ತುಹೊಲಿಗೆ ಹಾಕುವ ಮತ್ತು ಹೆಚ್ಚಿನ ಜೋಡಣೆಗಳನ್ನು ಹೊಲಿಯುವ ನಮ್ಮ ಸದಸ್ಯೆಯರ ಕೂಲಿಗೆ ಹೋಗುತ್ತದೆ. ಸಂಘದ ಪಾಲನ್ನು ನಾವು ಒಂದು ರೂಪಾಯಿಯೂ ಹೆಚ್ಚಿಸಿಲ್ಲ.

52,000 ರೂಪಾಯಿ ಸಣ್ಣ ಮೊತ್ತವಲ್ಲವೆಂಬುದನ್ನು ನಾವು ಬಲ್ಲೆವು. ರಂಗತಂಡಗಳಿಗೂ ಕಾಲೇಜುಗಳಿಗೂ ನಮ್ಮ ಪ್ರಾಮಾಣಿಕ ಸಲಹೆಯೆಂದರೆ ಉಣ್ಣೆಯ ಗೌನನ್ನು ಆರಿಸಿಕೊಳ್ಳಿ. ಆ ಕಾಲದಲ್ಲಿ ರೇಷ್ಮೆ ಎಲ್ಲರ ಉಡುಗೆಯಾಗಿರಲಿಲ್ಲ; ಯಾರು ಏನು ತೊಡಬಹುದೆಂಬುದನ್ನು ಕಾನೂನೇ ನಿರ್ಧರಿಸುತ್ತಿತ್ತು, ಕೋಸಿಮೊ ಸ್ವತಃ 1562ರಲ್ಲಿ ಅಂತಹ ಕಟ್ಟಳೆಯನ್ನು ಹೊರಡಿಸಿದ್ದ. ಸಣ್ಣ ವ್ಯಾಪಾರಿಯ ಹೆಂಡತಿ, ದಾದಿ, ಸೇವಕಿ ಮುಂತಾದ ಪಾತ್ರಗಳಿಗೆ ಉಣ್ಣೆಯೇ ನಿಜವಾದ ಬಟ್ಟೆ. ಅದು ಭಾರವಾಗಿ ಚೆನ್ನಾಗಿ ಇಳಿಬೀಳುತ್ತದೆ, ನೆರಿಗೆ ಹಿಡಿಯುತ್ತದೆ, ರಂಗದ ಬೆಳಕನ್ನು ಹೀರಿಕೊಳ್ಳುತ್ತದೆ. ನಮ್ಮ ಸೆಕೆಗೆ ತಕ್ಕಂತೆ ತೆಳು ಉಣ್ಣೆಯನ್ನೇ ಆರಿಸಿದ್ದೇವೆ, ಮತ್ತು ಆ ಗೌನಿನ ಬೆಲೆ 34,000 ರೂಪಾಯಿ, ಅಂದರೆ ಹಳೆಯ ಡುಪಿಯನ್ ಗೌನಿಗಿಂತ ಕಡಿಮೆ.

ಈಗಾಗಲೇ ಮುಂಗಡ ಕೊಟ್ಟಿರುವವರು ಹಳೆಯ ದರದಲ್ಲಿ ಡುಪಿಯನ್ ಗೌನನ್ನೇ ಪಡೆಯಬಹುದು. ಸ್ಯಾಟಿನ್ ಬೇಕೆಂದರೆ ಬಟ್ಟೆಯ ವ್ಯತ್ಯಾಸವನ್ನು ಮಾತ್ರ ಕೊಟ್ಟರೆ ಸಾಕು, ಕೂಲಿಯನ್ನು ಸಂಘವೇ ಭರಿಸುತ್ತದೆ. ಉಣ್ಣೆಯನ್ನು ಆರಿಸಿದವರಿಗೆ ಉಳಿಕೆ ಹಣವನ್ನು ಹಿಂದಿರುಗಿಸುತ್ತೇವೆ. ಈ ಹಿಂದೆ ನಮ್ಮಿಂದ ಡುಪಿಯನ್ ಗೌನು ಕೊಂಡವರು, ಅದು ಆ ಕಾಲದ ಬಟ್ಟೆಗೆ ಸಮನೆಂಬ ನಮ್ಮ ಮಾತನ್ನು ನಂಬಿ ಕೊಂಡಿದ್ದೀರಿ. ಆ ಮಾತು ತಪ್ಪಾಗಿತ್ತು, ಅದಕ್ಕಾಗಿ ಕ್ಷಮೆ ಕೇಳುತ್ತೇವೆ. ಗೌನಿನ ತೋಳುಗಳು ಬಿಡಿಯಾಗಿದ್ದು ಲಾಡಿಯಿಂದ ಭುಜಕ್ಕೆ ಕಟ್ಟುವಂಥವಾದ್ದರಿಂದ, ನಿಮ್ಮಲ್ಲಿ ಯಾರಾದರೂ ಬಯಸಿದರೆ ಅಸಲು ಬೆಲೆಗೆ ಸ್ಯಾಟಿನ್ನಿನ ಹೊಸ ತೋಳುಗಳನ್ನು ಹೊಲಿದು ಕೊಡುತ್ತೇವೆ.

ಸ್ಯಾಟಿನ್ನಿನ ಮೇಲೆ ನೀರಿನ ಹನಿ ಬಿದ್ದರೂ ಕಲೆ ಉಳಿಯುತ್ತದೆ. ಆದಕಾರಣ ಗೌನಿನೊಂದಿಗೆ ಕೊಡುವ ಲಿನನ್ ಒಳಂಗಿಯನ್ನು ತೊಡದೆ ಗೌನನ್ನು ತೊಡಬೇಡಿ; ಬೆವರನ್ನು ಹೀರುವುದು, ಒಗೆಯಲು ಬರುವುದು ಅದೊಂದೇ, ಫ್ಲಾರೆನ್ಸಿನ ಹೆಂಗಸರೂ ಮಾಡುತ್ತಿದ್ದುದು ಅದನ್ನೇ. ಗೌನನ್ನು ಹ್ಯಾಂಗರಿಗೆ ತೂಗುಹಾಕಿದರೆ ಲಂಗದ ಭಾರಕ್ಕೆ ಕುಪ್ಪಸ ಜಗ್ಗುತ್ತದೆ. ಮನೆಯಲ್ಲಿ ರೇಷ್ಮೆ ಸೀರೆಯನ್ನು ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿಟ್ಟು ಆಗಾಗ ಮಡಿಕೆ ಬದಲಿಸುವಂತೆಯೇ ಇದನ್ನೂ ಇಡಿ.

ಈ ಪತ್ರದೊಂದಿಗೆ ಅಂಗೈಯಗಲದ ಎರಡು ತುಂಡುಗಳನ್ನು ಲಗತ್ತಿಸಿದ್ದೇವೆ. ಒಂದು ಹಳೆಯ ಡುಪಿಯನ್, ಇನ್ನೊಂದು ಹೊಸ ಸ್ಯಾಟಿನ್, ಎರಡಕ್ಕೂ ಒಂದೇ ಕೆಂಪು. ಹಗಲಿನ ಬೆಳಕಿನಲ್ಲಿ ನೋಡಿದ ಮೇಲೆ, ಸಂಜೆ ದೇವರ ಮುಂದೆ ದೀಪ ಹಚ್ಚಿದಾಗ ಇನ್ನೊಮ್ಮೆ ಎರಡನ್ನೂ ಬೆರಳಿನ ಮೇಲೆ ಮಡಿಸಿ ಹಿಡಿದು ನೋಡಿ. ಮುಂಗಡ ಕೊಟ್ಟಿರುವವರು ತಮ್ಮ ಆಯ್ಕೆಯನ್ನು ಶಿವರಾತ್ರಿಯ ಒಳಗೆ ತಿಳಿಸಿದರೆ ಮಗ್ಗಕ್ಕೆ ಹಾಸು ಹೂಡಲು ನಮಗೆ ಅನುಕೂಲವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿಗಳು,
ಹೊಲಿಗೆ ಸಹಕಾರ ಸಂಘದ ಸದಸ್ಯೆಯರ ಪರವಾಗಿ,
ಕಾರ್ಯದರ್ಶಿ, ಬೆಂಗಳೂರು